ಕೀಲುವಾತದ ಅಳತೆ: ಕೇಳಿದ ಪ್ರಶ್ನೆಗಳು, ಕೇಳದ ಪ್ರಶ್ನೆಗಳು

ಶರೀರವನ್ನು ಪೀಡಿಸುವ ಬೇನೆಗಳಲ್ಲಿ ಕೆಲವು ಕಣ್ಣಿಗೆ ಕಾಣುತ್ತವೆ. ಕೆಲವು ಉಪಕರಣಗಳಿಗೆ ಕಾಣುತ್ತವೆ. ಮತ್ತೆ ಕೆಲವು ರೋಗಿಯು ಬಾಯಿಬಿಟ್ಟು ಹೇಳಿದಲ್ಲದೆ ಯಾರಿಗೂ ಕಾಣವು. ಬಾತುಕೊಂಡ ಬೆರಳನ್ನು ವೈದ್ಯರು ಮುಟ್ಟಿ ನೋಡಬಲ್ಲರು. ರಕ್ತದಲ್ಲಿ ತೋರುವ ಉರಿಯೂತವನ್ನು ಪ್ರಯೋಗಾಲಯವು ಅಳೆಯಬಲ್ಲದು. ಎಲುಬಿನ ಸವೆತವನ್ನು ಕ್ಷ-ಕಿರಣವು ತೋರಿಸಬಲ್ಲದು. ಆದರೆ ಬೆಳಗಿನ ಹೊತ್ತು ಸೀರೆಯ ನೆರಿಗೆ ಹಿಡಿಯಲು ಬೆರಳು ಮಡಚಲಿಲ್ಲವೆಂಬುದನ್ನು, ತುಂಬಿದ ತಂಬಿಗೆಯನ್ನು ಎರಡು ಕೈಯಿಂದ ಎತ್ತಬೇಕಾಯಿತೆಂಬುದನ್ನು, ನೆಲದ ಮೇಲೆ ಕುಳಿತವರು ಏಳಲು ಗೋಡೆಯ ಆಸರೆ ಹುಡುಕಿದರೆಂಬುದನ್ನು ಯಾವ ಯಂತ್ರವು ತಾನೇ ತಿಳಿಸೀತು? ಅದನ್ನು ತಿಳಿಯಲು ಒಂದೇ ಮಾರ್ಗವಿದೆ, ಕೇಳಬೇಕು. ಹೇಗೆ ಕೇಳಬೇಕು, ಏನನ್ನು ಕೇಳಬೇಕು ಎಂಬುದು ವೈದ್ಯಶಾಸ್ತ್ರದಲ್ಲಿ ಎಪ್ಪತ್ತೈದು ವರ್ಷಗಳಿಗೂ ಮಿಕ್ಕಿ ನಡೆದು ಬಂದಿರುವ ವಿಚಾರ. ಆ ವಿಚಾರವನ್ನು ನಮ್ಮ ಓದುಗ ಕುಟುಂಬಗಳ ಮುಂದಿರಿಸುವುದು ಈ ಲೇಖನದ ಉದ್ದೇಶ.

ಬೇನೆಯ ಸ್ವರೂಪ

ನಮ್ಮ ಜನ ಕೀಲುವಾತ, ಸಂಧಿವಾತ ಎಂದು ಸ್ಥೂಲವಾಗಿ ಕರೆಯುವ ಬೇನೆಗಳಲ್ಲಿ ಹಲವು ಬಗೆಗಳಿವೆ. ಮುಪ್ಪಿನಲ್ಲಿ ಮೊಣಕಾಲು ಸವೆದು ಬರುವ ನೋವು ಒಂದು ಬಗೆ. ನಾವು ಇಲ್ಲಿ ಹೇಳಹೊರಟಿರುವ ರುಮಟಾಯ್ಡ್ ಸಂಧಿವಾತವು ಬೇರೆಯೇ ಬಗೆ. ಹೊರಗಿನ ರೋಗಾಣುಗಳಿಂದ ನಮ್ಮನ್ನು ಕಾಯಬೇಕಾದ ದೇಹದ ರಕ್ಷಣಾಶಕ್ತಿಯೇ ದಾರಿ ತಪ್ಪಿ, ಕೀಲುಗಳ ಒಳಪೊರೆಯ ಮೇಲೆ ಎರಗುವುದರಿಂದ ಇದು ಉಂಟಾಗುತ್ತದೆ. ಸಾಮಾನ್ಯವಾಗಿ ಎರಡೂ ಕೈಗಳ ಬೆರಳಿನ ಗೆಣ್ಣುಗಳು, ಮಣಿಕಟ್ಟು, ಪಾದದ ಸಣ್ಣ ಕೀಲುಗಳು ಮೊದಲು ಊದಿಕೊಳ್ಳುತ್ತವೆ. ಬೆಳಗಿನ ಹೊತ್ತು ಕೈಕಾಲುಗಳು ಬಿಗಿದುಕೊಂಡು, ಆ ಬಿಗಿತ ಸಡಿಲಲು ಒಂದು ಗಂಟೆಗೂ ಹೆಚ್ಚು ಕಾಲ ಹಿಡಿಯುವುದುಂಟು. ಚಿಕಿತ್ಸೆ ತಡವಾದಲ್ಲಿ ಕೀಲುಗಳು ವಕ್ರವಾಗಿ, ಆದ ಹಾನಿ ಮತ್ತೆ ಸರಿಹೋಗದೆ ಉಳಿಯಬಹುದು.

ಲೋಕದ ವಯಸ್ಕ ಜನರಲ್ಲಿ ನೂರಕ್ಕೆ ಅರ್ಧದಿಂದ ಒಬ್ಬರಷ್ಟು ಮಂದಿಗೆ ಈ ಬೇನೆಯಿದೆಯೆಂದು ಅಂದಾಜು. ಪುರುಷರಿಗಿಂತ ಸ್ತ್ರೀಯರಲ್ಲಿ ಇದು ಎರಡು ಮೂರು ಪಟ್ಟು ಹೆಚ್ಚು. ಮುಪ್ಪನ್ನು ಕಾಯದೆ, ಮನೆಯ ಹೊಣೆ ಹೆಗಲ ಮೇಲಿರುವ ನಡುವಯಸ್ಸಿನಲ್ಲಿಯೇ ಇದು ಬಂದೆರಗುವುದು ಬಹಳ. ಆದುದರಿಂದ ಇದು ಒಬ್ಬರ ಕೀಲಿನ ನೋವಾಗಿ ಉಳಿಯದೆ ಇಡೀ ಮನೆಯ ದಿನಚರಿಯ ಪ್ರಶ್ನೆಯಾಗುತ್ತದೆ.

ನಾಲ್ಕು ತರಗತಿಗಳ ಕಾಲ

ರೋಗಿಯ ದೈನಂದಿನ ಸಾಮರ್ಥ್ಯವನ್ನು ಕ್ರಮವಾಗಿ ಗುರುತಿಸುವ ಪ್ರಯತ್ನಗಳಲ್ಲಿ ಪ್ರಸಿದ್ಧವಾದುದನ್ನು 1949ರಲ್ಲಿ ಅಮೆರಿಕದ ವೈದ್ಯ ಒಟ್ಟೊ ಸ್ಟೈನ್‌ಬ್ರೋಕರ್ ಮತ್ತು ಅವರ ಸಂಗಡಿಗರು ಪ್ರಕಟಿಸಿದರು. ಅವರು ರೋಗಿಗಳನ್ನು ನಾಲ್ಕು ತರಗತಿಗಳಲ್ಲಿ ವಿಂಗಡಿಸಿದರು. ಎಲ್ಲ ಕೆಲಸವನ್ನೂ ಮಾಡಬಲ್ಲವರು ಮೊದಲನೆಯ ತರಗತಿ. ತೊಂದರೆಯಿದ್ದರೂ ನಿತ್ಯದ ಕೆಲಸ ನಿಭಾಯಿಸುವವರು ಎರಡನೆಯದು. ವೃತ್ತಿಯ ಅಥವಾ ಸ್ವಂತ ಆರೈಕೆಯ ಕೆಲಸಗಳಲ್ಲಿ ಕೆಲವನ್ನಷ್ಟೇ ಮಾಡಬಲ್ಲವರು, ಇಲ್ಲವೆ ಯಾವುದನ್ನೂ ಮಾಡಲಾರದವರು ಮೂರನೆಯದು. ಹಾಸಿಗೆ ಅಥವಾ ಗಾಲಿಕುರ್ಚಿ ಹಿಡಿದವರು ನಾಲ್ಕನೆಯದು.

ಈ ವಿಂಗಡಣೆ ಸರಳವಾದುದು. ದಶಕಗಳ ಕಾಲ ಬಳಕೆಯಲ್ಲಿಯೂ ಇದ್ದಿತು. 1991ರಲ್ಲಿ ಇದನ್ನು ಪರಿಷ್ಕರಿಸಲಾಯಿತು. ಆದರೆ ಇದರಲ್ಲಿ ಎರಡು ಕೊರತೆಗಳಿದ್ದವು. ಮೊದಲನೆಯದಾಗಿ, ತೀರ್ಮಾನವು ವೈದ್ಯರದು, ರೋಗಿಯದಲ್ಲ. ಎರಡನೆಯದಾಗಿ, ಬಹುಪಾಲು ರೋಗಿಗಳು ನಡುವಿನ ಎರಡು ತರಗತಿಗಳಲ್ಲಿಯೇ ತುಂಬಿಕೊಳ್ಳುತ್ತಿದ್ದರು. ಕಳೆದ ವರ್ಷ ತಲೆ ಬಾಚಿಕೊಳ್ಳಲಾಗದಿದ್ದ ತಾಯಿ ಈ ವರ್ಷ ಬಾಚಿಕೊಳ್ಳಬಲ್ಲಳಾದರೆ ಅದು ಅವಳ ಪಾಲಿಗೆ ದೊಡ್ಡ ಸುಧಾರಣೆ. ಆದರೆ ತರಗತಿ ಮಾತ್ರ ಬದಲಾಗುವುದಿಲ್ಲ. ಗಜಕೋಲಿನಿಂದ ನೂಲಿನ ದಪ್ಪವನ್ನು ಅಳೆಯಹೊರಟಂತೆ ಇದು.

ಸ್ಟ್ಯಾನ್‌ಫರ್ಡಿನ ಇಪ್ಪತ್ತು ಪ್ರಶ್ನೆಗಳು

ಈ ಕೊರತೆಯನ್ನು ತುಂಬಲು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವೈದ್ಯ ಜೇಮ್ಸ್ ಫ್ರೈಸ್ ಮತ್ತು ಸಂಗಡಿಗರು ಒಂದು ಪ್ರಶ್ನಾವಳಿಯನ್ನು ರಚಿಸಿ 1980ರಲ್ಲಿ ಪ್ರಕಟಿಸಿದರು. ಹೆಲ್ತ್ ಅಸೆಸ್‌ಮೆಂಟ್ ಕ್ವೆಶ್ಚನೇರ್, ಅಂದರೆ ಆರೋಗ್ಯ ನಿರ್ಧಾರಣ ಪ್ರಶ್ನಾವಳಿ, ಎಂಬುದು ಅದರ ಹೆಸರು. ವೈದ್ಯರು ಎಚ್.ಎ.ಕ್ಯು. ಎಂದು ಸಂಕ್ಷೇಪವಾಗಿ ಕರೆಯುತ್ತಾರೆ. ಇಂದಿಗೂ ಕೀಲುವಾತದ ಸಂಶೋಧನೆಯಲ್ಲಿ ಅತ್ಯಂತ ಹೆಚ್ಚು ಬಳಕೆಯಲ್ಲಿರುವ ಅಳತೆಗೋಲುಗಳಲ್ಲಿ ಇದೊಂದು.

ಇದರಲ್ಲಿ ಎಂಟು ವಿಭಾಗಗಳಿವೆ: ಉಡುಗೆ ಮತ್ತು ಕೇಶಾಲಂಕಾರ, ಏಳುವುದು, ಉಣ್ಣುವುದು, ನಡೆಯುವುದು, ಶುಚಿತ್ವ, ಕೈಚಾಚಿ ಎಟುಕಿಸಿಕೊಳ್ಳುವುದು, ಹಿಡಿತ, ಮನೆಯ ಒಳಹೊರಗಿನ ಕೆಲಸಗಳು. ಎಂಟರಲ್ಲಿಯೂ ಸೇರಿ ಇಪ್ಪತ್ತು ಪ್ರಶ್ನೆಗಳು. ಕಳೆದ ಒಂದು ವಾರದಲ್ಲಿ ಈ ಕೆಲಸ ನಿಮಗೆ ಎಷ್ಟು ಕಷ್ಟವಾಯಿತು ಎಂದು ರೋಗಿಯನ್ನೇ ಕೇಳಲಾಗುತ್ತದೆ. ಕಷ್ಟವೇ ಇಲ್ಲದಿದ್ದರೆ 0, ಸ್ವಲ್ಪ ಕಷ್ಟವಾದರೆ 1, ಬಹಳ ಕಷ್ಟವಾದರೆ 2, ಮಾಡಲು ಆಗದೇ ಹೋದರೆ 3. ಪ್ರತಿ ವಿಭಾಗದಲ್ಲಿ ಬಂದ ಅತ್ಯಧಿಕ ಅಂಕವೇ ಆ ವಿಭಾಗದ ಅಂಕ. ಎಂಟನ್ನೂ ಕೂಡಿಸಿ ಎಂಟರಿಂದ ಭಾಗಿಸಿದರೆ 0ಯಿಂದ 3ರ ನಡುವಿನ ಒಂದು ಸಂಖ್ಯೆ ದೊರೆಯುತ್ತದೆ. ಒಂದರ ಒಳಗಿದ್ದರೆ ಅಲ್ಪದಿಂದ ಮಧ್ಯಮ, ಎರಡರವರೆಗೆ ಮಧ್ಯಮದಿಂದ ತೀವ್ರ, ಎರಡನ್ನು ಮೀರಿದರೆ ತೀವ್ರದಿಂದ ಅತಿತೀವ್ರ ಅಸಾಮರ್ಥ್ಯವೆಂದು ಗಣಿಸುವುದು ವಾಡಿಕೆ. ಈ ಸಂಖ್ಯೆಯಲ್ಲಿ ಸುಮಾರು 0.22ರಷ್ಟು ವ್ಯತ್ಯಾಸವಾದರೂ ರೋಗಿಯ ಅನುಭವಕ್ಕೆ ಬರುವ ಬದಲಾವಣೆಯೆಂದು ಸಂಶೋಧಕರು ಎಣಿಸಿದ್ದಾರೆ.

ಈ ಪ್ರಶ್ನಾವಳಿಯ ಇನ್ನೊಂದು ವಿಶೇಷವು ನಮ್ಮ ಮನೆಗಳ ದೃಷ್ಟಿಯಿಂದ ಬಹು ಮುಖ್ಯವಾದುದು. ಊರುಗೋಲು ಮೊದಲಾದ ಸಾಧನವನ್ನಾಗಲಿ, ಮತ್ತೊಬ್ಬರ ನೆರವನ್ನಾಗಲಿ ಪಡೆದು ಕೆಲಸ ಮಾಡಿದ್ದಾದರೆ, ಆ ವಿಭಾಗದ ಅಂಕ 0 ಅಥವಾ 1 ಇದ್ದರೂ ಅದನ್ನು 2ಕ್ಕೆ ಏರಿಸಲಾಗುತ್ತದೆ. ಸೊಸೆ ಬಂದು ಗುಂಡಿ ಹಾಕಿಕೊಟ್ಟಳು, ಮೊಮ್ಮಗ ತಂಬಿಗೆ ಎತ್ತಿಕೊಟ್ಟ. ಆದುದರಿಂದ ಕಷ್ಟವೇನೂ ಆಗಲಿಲ್ಲ ಎಂದು ಅಜ್ಜಿ ಹೇಳಿದರೆ, ಕಷ್ಟ ಇಲ್ಲವಾಯಿತೆಂದು ಅರ್ಥವಲ್ಲ. ಅದನ್ನು ಬೇರೊಬ್ಬರು ಹೊತ್ತರೆಂದು ಅರ್ಥ. ಕೂಡುಕುಟುಂಬದಲ್ಲಿ ನೆರವು ಕೇಳದೆಯೇ ದೊರೆಯುತ್ತದೆ. ಅದು ನಮ್ಮ ಬಾಳುವೆಯ ಹಿರಿಮೆ. ಆದರೆ ಆ ನೆರವಿನ ಮರೆಯಲ್ಲಿ ಬೇನೆಯು ಕಾಣದೆ ಬೆಳೆಯಲೂಬಹುದು.

ಹ್ರಸ್ವ ರೂಪದ ಲಾಭ ನಷ್ಟ

ಇಪ್ಪತ್ತು ಪ್ರಶ್ನೆ ಕೇಳಿ ಲೆಕ್ಕ ಹಾಕಲು ಜನಸಂದಣಿಯ ಆಸ್ಪತ್ರೆಯಲ್ಲಿ ಸಮಯವೆಲ್ಲಿದೆ? ಈ ತೊಡಕನ್ನರಿತು ನ್ಯಾಶ್‌ವಿಲ್ ನಗರದ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ವೈದ್ಯ ಥಿಯೊಡೋರ್ ಪಿಂಕಸ್ ಮತ್ತು ಸಂಗಡಿಗರು 1983ರಲ್ಲಿ ಪ್ರತಿ ವಿಭಾಗದಿಂದ ಒಂದೊಂದನ್ನೇ ಆಯ್ದು, ಎಂಟು ಪ್ರಶ್ನೆಗಳ ಹ್ರಸ್ವ ರೂಪವನ್ನು ಪ್ರಕಟಿಸಿದರು. ಇದನ್ನು ಎಂ.ಎಚ್.ಎ.ಕ್ಯು. ಎನ್ನುತ್ತಾರೆ. ಕೆಲವೇ ನಿಮಿಷಗಳಲ್ಲಿ ಇದು ಮುಗಿಯುತ್ತದೆ. ಕೆಲಸ ಎಷ್ಟು ಕಷ್ಟವೆಂಬುದರ ಜೊತೆಗೆ, ಅದನ್ನು ಮಾಡುವ ತಮ್ಮ ಸಾಮರ್ಥ್ಯದ ಬಗೆಗೆ ರೋಗಿಗೆ ತೃಪ್ತಿಯಿದೆಯೇ ಎಂದೂ ಪಿಂಕಸ್ ಅವರು ಕೇಳಿದರು. ಕಷ್ಟವೂ ಅತೃಪ್ತಿಯೂ ಒಂದೇ ಅಲ್ಲವೆಂಬ ಸೂಕ್ಷ್ಮ ಇಲ್ಲಿದೆ.

ಆದರೆ ಹ್ರಸ್ವಗೊಳಿಸಿದಾಗ ಕೆಲವು ಸಂಗತಿಗಳು ಸೋರಿಹೋದವು. ಒಂದು ಕಲ್ಪಿತ ಉದಾಹರಣೆಯಿಂದ ಇದನ್ನು ಸ್ಪಷ್ಟಪಡಿಸೋಣ. ಒಬ್ಬ ತಾಯಿ ಎಚ್.ಎ.ಕ್ಯು.ವಿನ ಎಂಟು ವಿಭಾಗಗಳಲ್ಲಿ ಕ್ರಮವಾಗಿ 1, 1, 2, 1, 2, 1, 2, 2 ಅಂಕಗಳನ್ನು ಪಡೆದಳೆನ್ನಿ. ಮೊತ್ತ 12, ಎಂಟರಿಂದ ಭಾಗಿಸಿದರೆ 1.5. ಅದೇ ತಾಯಿಯನ್ನು ಅದೇ ದಿನ ಹ್ರಸ್ವ ರೂಪದಲ್ಲಿ ಕೇಳಲಾಯಿತು. ಹಾಸಿಗೆಯಿಂದ ಏಳುವುದು ಕಷ್ಟವಿಲ್ಲ, 0. ಸಮನೆಲದಲ್ಲಿ ನಡೆಯುವುದು ಕಷ್ಟವಿಲ್ಲ, 0. ಉಡುಪು ಧರಿಸುವುದು, ಲೋಟ ಎತ್ತುವುದು, ಸ್ನಾನ, ಬಾಗುವುದು, ನಲ್ಲಿ ತಿರುಗಿಸುವುದು, ಕಾರು ಹತ್ತಿ ಇಳಿಯುವುದು, ಇವೆಲ್ಲ ಸ್ವಲ್ಪ ಕಷ್ಟ, ಒಂದೊಂದು ಅಂಕ. ಮೊತ್ತ 6, ಸರಾಸರಿ 0.75. ದೇಹ ಒಂದೇ, ನೋವು ಒಂದೇ, ದಿನವೂ ಒಂದೇ. ಸಂಖ್ಯೆ ಮಾತ್ರ ಅರ್ಧವಾಯಿತು! ಡಬ್ಬಿಯ ಮುಚ್ಚಳ ತೆರೆಯುವಂಥ ಕಠಿನ ಪ್ರಶ್ನೆಗಳು ಹ್ರಸ್ವ ರೂಪದಲ್ಲಿಲ್ಲ. ನೆರವು ಪಡೆದುದಕ್ಕೆ ಅಂಕ ಏರಿಸುವ ಕ್ರಮವೂ ಇಲ್ಲಿಲ್ಲ. ಆದುದರಿಂದ ಅಷ್ಟಿಷ್ಟು ತೊಂದರೆಯಿರುವವರಲ್ಲಿ ಅನೇಕರು ಇದರಲ್ಲಿ ಸೊನ್ನೆ ಅಂಕ ಪಡೆದು ನಿರೋಗಿಗಳಂತೆ ಕಾಣುತ್ತಾರೆ. ಇದನ್ನರಿತೇ ಪಿಂಕಸ್ ಅವರ ಬಳಗವು 1999ರಲ್ಲಿ ದೂರ ನಡೆಯುವುದು, ಆಟೋಟಗಳಲ್ಲಿ ತೊಡಗುವುದು ಮುಂತಾದ ಹೆಚ್ಚಿನ ಶ್ರಮದ ಪ್ರಶ್ನೆಗಳನ್ನು ಸೇರಿಸಿ ಮತ್ತೊಂದು ರೂಪವನ್ನು ಹೊರತಂದಿತು. 2004ರಲ್ಲಿ ಫ್ರೆಡರಿಕ್ ವುಲ್ಫ್ ಮತ್ತು ಸಂಗಡಿಗರು ಹತ್ತು ಪ್ರಶ್ನೆಗಳ ಎಚ್.ಎ.ಕ್ಯು. ಎರಡನೆಯ ರೂಪವನ್ನು ಪ್ರಕಟಿಸಿದರು.

ಇವುಗಳಿಗೆ ಸಮಕಾಲೀನವಾಗಿ, 1980ರಲ್ಲಿಯೇ, ಬಾಸ್ಟನ್ನಿನ ರಾಬರ್ಟ್ ಮೀನನ್ ಮತ್ತು ಸಂಗಡಿಗರು ಬೇರೊಂದು ಪ್ರಶ್ನಾವಳಿಯನ್ನು ರೂಪಿಸಿದ್ದರು. ಏಮ್ಸ್ ಎಂಬ ಸಂಕ್ಷಿಪ್ತ ನಾಮದ ಇದು ಕೈಕಾಲಿನ ಸಾಮರ್ಥ್ಯದೊಂದಿಗೆ ನೋವು, ಆತಂಕ, ಖಿನ್ನತೆ, ಬಂಧುಮಿತ್ರರ ಒಡನಾಟ ಇವನ್ನೂ ವಿಚಾರಿಸುತ್ತದೆ. 1992ರ ಪರಿಷ್ಕೃತ ರೂಪದಲ್ಲಿ 78 ಪ್ರಶ್ನೆಗಳಿವೆ. ಮನುಷ್ಯನನ್ನು ಇಡಿಯಾಗಿ ನೋಡುವುದು ಇದರ ಗುಣ. ದೀರ್ಘವಾದುದು ಇದರ ದೋಷ.

ಇಷ್ಟರಿಂದ ಒಂದು ಮಾತು ಖಚಿತವಾಗುತ್ತದೆ. ಒಂದು ಪ್ರಶ್ನಾವಳಿಯ ಸಂಖ್ಯೆಯನ್ನು ಮತ್ತೊಂದರ ಸಂಖ್ಯೆಯೊಂದಿಗೆ ಹೋಲಿಸಲಾಗದು. ಸೇರಿನಲ್ಲಿ ಅಳೆದುದನ್ನು ಕಿಲೋದಲ್ಲಿ ತೂಗಿದುದರ ಪಕ್ಕದಲ್ಲಿಟ್ಟು ಕಡಿಮೆಯಾಯಿತು, ಹೆಚ್ಚಾಯಿತು ಎನ್ನುವಂತಿಲ್ಲವಷ್ಟೆ? ಒಂದೂರಿನ ವೈದ್ಯರಲ್ಲಿ 1.5 ಇದ್ದುದು ಮತ್ತೊಂದೂರಿನಲ್ಲಿ 0.75 ಆಯಿತೆಂದು ಸಂತೋಷಪಡುವ ಮುನ್ನ, ಅಳತೆಗೋಲು ಅದೇ ಇದ್ದಿತೇ ಎಂದು ಕೇಳುವುದು ಅವಶ್ಯ.

ನೆಲದ ಮೇಲಿನ ಬದುಕು

ಸ್ಟ್ಯಾನ್‌ಫರ್ಡಿನ ಪ್ರಶ್ನೆಗಳನ್ನು ಇನ್ನೊಮ್ಮೆ ಗಮನಿಸಿದರೆ ಅವು ಯಾವ ಮನೆಯೊಳಗೆ ಹುಟ್ಟಿದವೆಂಬುದು ತಿಳಿಯುತ್ತದೆ. ಮಾಂಸವನ್ನು ಚಾಕುವಿನಿಂದ ಕತ್ತರಿಸುವುದು, ಹಾಲಿನ ಹೊಸ ರಟ್ಟಿನ ಡಬ್ಬಿಯನ್ನು ತೆರೆಯುವುದು, ತೊಟ್ಟಿಯಲ್ಲಿ ಮಲಗಿ ಸ್ನಾನ ಮಾಡುವುದು, ಕಾರಿನ ಬಾಗಿಲು ತೆರೆಯುವುದು, ಯಂತ್ರದಿಂದ ಕಸ ಗುಡಿಸುವುದು, ಇವು ಅಲ್ಲಿನ ನಿತ್ಯಕರ್ಮಗಳು. ಅಲ್ಲಿಯವರಿಗೆ ಅವೇ ಸರಿಯಾದ ಪ್ರಶ್ನೆಗಳು. ಆದರೆ ಶಾಕಾಹಾರಿಯಾದ ನಮ್ಮ ತಾಯಿಯನ್ನು ಮಾಂಸ ಕತ್ತರಿಸಲು ಕಷ್ಟವೇ ಎಂದು ಕೇಳಿದರೆ ಆಕೆ ಏನೆಂದಾಳು? ಉತ್ತರವಿಲ್ಲದ ಪ್ರಶ್ನೆಯಿಂದ ಅಳತೆ ಹೇಗೆ ಸಾಧ್ಯ? ಅದಕ್ಕಿಂತ ಗಂಭೀರವಾದುದು, ನಮ್ಮಲ್ಲಿ ನಿತ್ಯವೂ ಮಾಡಲೇಬೇಕಾದ ಕೆಲಸಗಳು ಅಲ್ಲಿ ಇಲ್ಲದಿರುವುದು. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತು ಏಳುವುದು, ಕುಕ್ಕರಗಾಲಿನಲ್ಲಿ ಕೂರುವುದು, ಇವು ಮೊಣಕಾಲು, ಸೊಂಟ, ಹಿಮ್ಮಡಿಗಳಿಗೆ ಎಂತಹ ಪರೀಕ್ಷೆಯೆಂಬುದು ಅನುಭವಿಸಿದವರಿಗೇ ಗೊತ್ತು. ಊಟದ ಪಂಕ್ತಿಯಲ್ಲಿ, ಇಷ್ಟಲಿಂಗ ಪೂಜೆಗೆ ಕೂರುವಲ್ಲಿ, ಶೌಚದಲ್ಲಿ, ನಮ್ಮ ಬದುಕಿನ ಎಷ್ಟೋ ಭಾಗ ನೆಲಕ್ಕೆ ಸಮೀಪವಾಗಿಯೇ ನಡೆಯುತ್ತದೆ.

ಈ ಅಂತರವನ್ನು ಮನಗಂಡು ದೆಹಲಿಯ ವೈದ್ಯರಾದ ಅಶೋಕ್ ಕುಮಾರ್, ಎ.ಎನ್. ಮಾಳವೀಯ ಮತ್ತು ಸಂಗಡಿಗರು ಭಾರತೀಯ ರೂಪವೊಂದನ್ನು ಸಿದ್ಧಪಡಿಸಿ, ರೋಗಿಗಳಲ್ಲಿ ಪರಿಶೀಲಿಸಿ, 2002ರಲ್ಲಿ ಪ್ರಕಟಿಸಿದರು. ಇದರಲ್ಲಿ ಹನ್ನೆರಡು ಪ್ರಶ್ನೆಗಳಿವೆ. ಉಡುಪಿನ ಪ್ರಶ್ನೆಯಲ್ಲಿ ಸೀರೆ, ಸಲ್ವಾರ್, ಧೋತರ, ಪೈಜಾಮಗಳು ಬಂದವು. ಶೌಚಕ್ಕೆ ಕುಕ್ಕರಿಸುವುದು ಅಥವಾ ನೆಲದ ಮೇಲೆ ಕಾಲು ಮಡಚಿ ಕೂರುವುದು ಪ್ರಶ್ನೆಯಾಯಿತು. ಕಾರಿನೊಂದಿಗೆ ಆಟೋರಿಕ್ಷಾ ಹತ್ತಿ ಇಳಿಯುವುದು ಸೇರಿತು. ಮೂರು ಕಿಲೋಮೀಟರ್ ನಡೆಯುವುದು, ತರಕಾರಿ ಮಾರುಕಟ್ಟೆಯಲ್ಲಿ ಖರೀದಿ ಮಾಡುವುದು, ಮೆಟ್ಟಿಲ ಸಾಲು ಹತ್ತುವುದು ಇವೂ ಬಂದವು. ಬರಿಯ ಭಾಷಾಂತರದಿಂದ ಸಾಧ್ಯವಾಗದ ಕೆಲಸವಿದು. ಪದವನ್ನು ಬದಲಿಸಿದರೆ ಸಾಲದು, ಬದುಕನ್ನೇ ಕಂಡು ಪ್ರಶ್ನೆ ಕಟ್ಟಬೇಕೆಂಬ ವಿವೇಕ ಇದರಲ್ಲಿದೆ.

ಆದರೂ ಯಾವ ಪಟ್ಟಿಯೂ ಪರಿಪೂರ್ಣವಲ್ಲ. ಈ ಹನ್ನೆರಡರಲ್ಲಿ ಜೋಳದ ರೊಟ್ಟಿ ತಟ್ಟುವುದು ಇಲ್ಲ. ಕಲಬುರಗಿ, ವಿಜಯಪುರ, ಧಾರವಾಡದ ಮನೆಗಳಲ್ಲಿ ರೊಟ್ಟಿ ತಟ್ಟಲಾಗದ ಕೈಯೆಂದರೆ ಅಡುಗೆಮನೆಯ ಅಧಿಕಾರವನ್ನೇ ಬಿಟ್ಟುಕೊಟ್ಟ ಕೈ. ಒದ್ದೆ ಬಟ್ಟೆ ಹಿಂಡುವುದು, ಎಳೆಯ ಕೂಸನ್ನು ಎತ್ತಿಕೊಳ್ಳುವುದು, ಹೊಲದಲ್ಲಿ ಕಳೆ ಕೀಳುವುದು, ಇವೂ ಇಲ್ಲ.

ಇದಕ್ಕೆ ಪರಿಹಾರವೆಂಬಂತೆ ಕೆನಡಾದ ಪೀಟರ್ ಟಗ್‌ವೆಲ್ ಮತ್ತು ಸಂಗಡಿಗರು 1987ರಲ್ಲಿ ಪ್ರಕಟಿಸಿದ ಮ್ಯಾಕ್ಟಾರ್ ಎಂಬ ಕ್ರಮವು ವಿಶಿಷ್ಟವಾಗಿದೆ. ಅದರಲ್ಲಿ ಸಿದ್ಧಪಟ್ಟಿಯನ್ನು ನೆಚ್ಚಿಕೊಳ್ಳದೆ, ಬೇನೆಯಿಂದ ಅಡ್ಡಿಯಾದ ಕೆಲಸಗಳಲ್ಲಿ ನಿಮಗೆ ಅತಿಮುಖ್ಯವಾದವು ಯಾವುವು ಎಂದು ರೋಗಿಯನ್ನೇ ಕೇಳಿ, ಅವನ್ನು ಕ್ರಮವಾಗಿ ಗುರುತಿಸಿ, ಚಿಕಿತ್ಸೆಯ ನಂತರ ಅವುಗಳನ್ನೇ ಮತ್ತೆ ವಿಚಾರಿಸುತ್ತಾರೆ. ಒಬ್ಬರಿಗೆ ರೊಟ್ಟಿ, ಇನ್ನೊಬ್ಬರಿಗೆ ಬರವಣಿಗೆ, ಮತ್ತೊಬ್ಬರಿಗೆ ಮಗ್ಗ. ಆದರೆ ಇದಕ್ಕೆ ಕೇಳುವವರ ಸಮಯವೂ ತಾಳ್ಮೆಯೂ ಬೇಕು. ಪ್ರತಿಯೊಬ್ಬರ ಪಟ್ಟಿಯೂ ಬೇರೆಯಾದುದರಿಂದ ಒಬ್ಬರನ್ನು ಇನ್ನೊಬ್ಬರೊಂದಿಗೆ ಹೋಲಿಸುವುದೂ ಸುಲಭವಲ್ಲ. ಸಿದ್ಧಪಟ್ಟಿಯು ಎಲ್ಲರನ್ನೂ ಒಂದೇ ಮಾನದಿಂದ ಅಳೆಯುತ್ತದೆ. ಮುಕ್ತಪ್ರಶ್ನೆಯು ಆ ಒಬ್ಬರನ್ನು ಚೆನ್ನಾಗಿ ಅರಿಯುತ್ತದೆ. ಎರಡಕ್ಕೂ ಅದರದರ ಸ್ಥಾನವಿದೆ.

ಸಂಖ್ಯೆಯ ಬೆಲೆ ಮತ್ತು ಮಿತಿ

ಇದೆಲ್ಲ ಪಂಡಿತರ ಲೆಕ್ಕಾಚಾರ, ಮನೆಮಂದಿಗೇಕೆ ಎಂದು ಯಾರಾದರೂ ಕೇಳಬಹುದು. ಪಿಂಕಸ್ ಅವರ ಬಳಗವು ಎಪ್ಪತ್ತೈದು ರೋಗಿಗಳನ್ನು ಒಂಬತ್ತು ವರ್ಷ ಗಮನಿಸಿ 1984ರಲ್ಲಿ ವರದಿ ಮಾಡಿತು. ನಿತ್ಯದ ಕೆಲಸಗಳಲ್ಲಿ ತೀರ ಹಿಂದೆ ಬಿದ್ದಿದ್ದವರ ಆಯುಷ್ಯವೂ ಕುಗ್ಗಿದ್ದುದು ಅದರಿಂದ ತಿಳಿದುಬಂದಿತು. ಲೋಟ ಎತ್ತುವ, ಗುಂಡಿ ಹಾಕುವ ಈ ಸಾಧಾರಣ ಪ್ರಶ್ನೆಗಳ ಉತ್ತರವು ರೋಗಿಯ ಮುಂದಿನ ದಿನಗಳ ಸೂಚನೆಯನ್ನು ಕೊಡಬಲ್ಲದೆಂದು ಅಂದಿನಿಂದ ವೈದ್ಯಲೋಕ ಮನ್ನಿಸಿದೆ. 1993ರಲ್ಲಿ ಅಮೆರಿಕದ ಕೀಲುರೋಗ ತಜ್ಞರ ಸಂಸ್ಥೆಯು ಹೊಸ ಔಷಧಗಳನ್ನು ಪರೀಕ್ಷಿಸಲು ಏಳು ಅಳತೆಗಳನ್ನು ಗೊತ್ತುಪಡಿಸಿದಾಗ, ಅವುಗಳಲ್ಲಿ ನೋವು, ಒಟ್ಟು ಸ್ಥಿತಿಯ ಬಗೆಗೆ ರೋಗಿಯ ಅಭಿಪ್ರಾಯ, ದೈನಂದಿನ ಸಾಮರ್ಥ್ಯ ಎಂಬ ಮೂರು ರೋಗಿಯ ಮಾತಿನಿಂದಲೇ ಬರತಕ್ಕವಾಗಿದ್ದವು.

ಆದರೆ ಮಿತಿಯನ್ನೂ ಅರಿಯಬೇಕು. ಅಂಕ ಏರಲು ಕಾರಣ ಒಂದೇ ಅಲ್ಲ. ಉರಿಯೂತದಿಂದ ಏರಿದ ಅಂಕವು ಔಷಧದಿಂದ ಇಳಿಯುತ್ತದೆ. ಕೀಲು ಹಾಳಾದುದರಿಂದ ಏರಿದುದು ಅಷ್ಟು ಸುಲಭವಾಗಿ ಇಳಿಯದು. ವಯಸ್ಸು, ಇತರ ರೋಗಗಳು, ಮನಸ್ಸಿನ ಕುಗ್ಗುವಿಕೆ ಇವೂ ಅಂಕವನ್ನು ಏರಿಸುತ್ತವೆ. ಪ್ರಶ್ನಾವಳಿಯಿಂದ ಬೇನೆಯ ನಿದಾನ ಆಗುವುದಿಲ್ಲ. ಅಂಕ ಇಳಿಯಿತೆಂದು ಔಷಧವನ್ನು ತಾವಾಗಿಯೇ ನಿಲ್ಲಿಸುವುದೂ ಸಲ್ಲದು. ಅದು ವೈದ್ಯರ ತೀರ್ಮಾನ.

ಕುಟುಂಬದವರ ಕರ್ತವ್ಯ

ನಮ್ಮ ಅನುಭವದಲ್ಲಿ ಕಂಡ ಒಂದು ರೂಢಿಯನ್ನು ಇಲ್ಲಿ ಹೇಳಲೇಬೇಕು. ವೈದ್ಯರು ತಾಯಿಯನ್ನು ಕೇಳುತ್ತಾರೆ. ಉತ್ತರ ಮಗನಿಂದ ಬರುತ್ತದೆ. ಸೊಸೆಯನ್ನು ಕೇಳುತ್ತಾರೆ, ಅತ್ತೆ ಉತ್ತರಿಸುತ್ತಾಳೆ. "ಏನಿಲ್ಲರೀ, ಎಲ್ಲಾ ಮಾಡ್ತಾರ" ಎಂಬ ಒಂದು ಮಾತಿನಲ್ಲಿ ಇಪ್ಪತ್ತು ಪ್ರಶ್ನೆಗಳು ಮುಗಿದುಹೋಗುತ್ತವೆ. ಪ್ರೀತಿಯಿಂದ ಆಡಿದರೂ ಅದು ರೋಗಿಯ ಮಾತಲ್ಲ. ಇನ್ನೊಂದೆಡೆ, ನಮ್ಮ ತಾಯಂದಿರು ಸಹನೆಯನ್ನೇ ಧರ್ಮವೆಂದು ಬಗೆದು ಬೆಳೆದವರು. ಹಲ್ಲು ಕಚ್ಚಿಕೊಂಡು ಮಾಡಿದ ಕೆಲಸವನ್ನೂ ಕಷ್ಟವಿಲ್ಲದೆ ಮಾಡಿದೆನೆಂದೇ ಹೇಳುತ್ತಾರೆ. ಪ್ರಶ್ನಾವಳಿ ಕೇಳುವುದು ಮಾಡಿದಿರಾ ಎಂದಲ್ಲ, ಎಷ್ಟು ಕಷ್ಟವಾಯಿತು ಎಂದು. ಈ ಭೇದವನ್ನು ಮನೆಯವರು ತಿಳಿಸಿಕೊಡಬೇಕು. ಕಷ್ಟವನ್ನು ಹೇಳುವುದು ಗೊಣಗಾಟವಲ್ಲ. ಚಿಕಿತ್ಸೆಗೆ ಬೇಕಾದ ಸತ್ಯ.

ಓದು ಬಾರದವರಿಗೆ ಪ್ರಶ್ನೆಯನ್ನು ಓದಿ ಹೇಳುವವರು ತಮ್ಮ ಅಭಿಪ್ರಾಯವನ್ನು ಬೆರೆಸಬಾರದು. ಇಂದಿನ ಒಂದು ದಿನವನ್ನಲ್ಲದೆ ಕಳೆದ ವಾರವನ್ನೆಲ್ಲ ನೆನೆದು ಉತ್ತರಿಸಲು ಹೇಳಬೇಕು. ಯಾರ ನೆರವಿನಿಂದ ಯಾವ ಕೆಲಸ ನಡೆಯಿತೆಂಬುದನ್ನು ಮರೆಯದೆ ತಿಳಿಸಬೇಕು. ಪ್ರತಿ ಭೇಟಿಯಲ್ಲಿ ಅದೇ ಪ್ರಶ್ನಾವಳಿಯನ್ನು ಬಳಸುವಂತೆ ವೈದ್ಯರಲ್ಲಿ ವಿನಂತಿಸಿ, ಅಂಕವನ್ನು ದಿನಾಂಕದೊಡನೆ ಒಂದು ವಹಿಯಲ್ಲಿ ಬರೆದಿಡಬೇಕು. ಅದರ ಕೆಳಗೆ, ಬೇನೆಯಿಂದ ಕೈಬಿಟ್ಟುಹೋದ ಕೆಲಸಗಳಲ್ಲಿ ತಮಗೆ ಅತಿ ಪ್ರಿಯವಾದ ನಾಲ್ಕೈದನ್ನು ರೋಗಿಯ ಬಾಯಿಯಿಂದಲೇ ಕೇಳಿ ಬರೆಯಬೇಕು. ಯಾವ ಪಟ್ಟಿಯಲ್ಲಿಯೂ ಇಲ್ಲದ ರೊಟ್ಟಿಗೆ ಅಲ್ಲಿ ಎಡೆ ದೊರೆಯಲಿ.

ಬೆಳಗಿನ ಬಿಗಿತ ವಾರಗಟ್ಟಲೆ ಬಿಡದೆ, ಬೆರಳ ಗೆಣ್ಣುಗಳು ಊದಿಕೊಂಡಿದ್ದರೆ, ಅದನ್ನು ವಾಯು, ಚಳಿ, ವಯಸ್ಸು ಎಂದು ತಳ್ಳಿಹಾಕದೆ ಬೇಗನೆ ಕೀಲುರೋಗ ತಜ್ಞರನ್ನು ಕಾಣುವುದು ಹಿತ. ಮೊದಲ ತಿಂಗಳುಗಳಲ್ಲಿ ದೊರೆತ ಚಿಕಿತ್ಸೆಯಿಂದ ಆಗುವಷ್ಟು ಉಪಕಾರ ತಡವಾಗಿ ದೊರೆತುದರಿಂದ ಆಗದು. ಈ ಲೇಖನವನ್ನು ಓದಿದ ಮನೆಗಳಲ್ಲಿ, ಬಹುಕಾಲದಿಂದ ಯಾರೂ ಕೇಳದೆ ಉಳಿದಿರುವ ತಾಯಿಯೊಬ್ಬಳನ್ನು ಇಂದು ಸಂಜೆ ಹತ್ತಿರ ಕೂರಿಸಿಕೊಂಡು, ಈ ವಾರ ನಿನಗೆ ಯಾವ ಕೆಲಸ ಕಷ್ಟವಾಯಿತವ್ವಾ ಎಂದು ಕೇಳಿ, ಆಕೆ ಹೇಳಿ ಮುಗಿಸುವವರೆಗೆ ನಡುವೆ ಮಾತನಾಡದೆ ಕೇಳಿಸಿಕೊಂಡರೆ, ನಮ್ಮ ಬರವಣಿಗೆ ಸಾರ್ಥಕವೆಂದು ಭಾವಿಸುತ್ತೇವೆ.